ಹಳಬರ ಗುಂಡಿಗಳು



ಮಂಗಳೂರು ಎಂದೊಡನೆ ಕೇಳುವವರ ಮನಸ್ಸು ಪಡುವಣ ಕಡಲಿನ ಕಡೆಗೆ ಹರಿಯುವುದು ಸಹಜವಾದುದು. ನಾವು ಈ ಸಂಜೆ ಹೊರಡಬೇಕೆಂದಿರುವ ಮಂಗಳೂರಿಗೂ ಕಡಲಿಗೂ ಯಾವ ಸಂಬಂಧವೂ ಇಲ್ಲ. ಯಲಬುರ್ಗಿಯ ಸೀಮೆಯಲ್ಲಿ, ಕುಕನೂರಿನ ನೆರೆಯಲ್ಲಿ, ಎರೆಹೊಲಗಳ ನಡುವೆ ಇರುವ ಊರು ಇದು. ಹಿಂದೆ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದಿತು, ಈಗ ಕೊಪ್ಪಳ ಜಿಲ್ಲೆಯಲ್ಲಿರುವುದು. ಜೋಳ ಕಡಲೆಗಳ ಸೀಮೆ. ಗಣಿಯ ಮಾತಿಗೆ ಇಲ್ಲೇನು ಕೆಲಸವೆಂದು ತಾವು ಕೇಳಬಹುದು.

ಕೆಲವು ವರ್ಷಗಳ ಕೆಳಗೆ ಆ ಊರಿನಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಬಚ್ಚಲಮನೆಯಲ್ಲಿ ಒಂದು ದೊಡ್ಡ ತಾಮ್ರದ ಹಂಡೆ, ಮೂರು ತಲೆಮಾರಿನದಂತೆ. ಮನೆಯ ಅಜ್ಜಿ ಹುಣಿಸೆಹಣ್ಣು ಹಚ್ಚಿ ಅದನ್ನು ತಿಕ್ಕುತ್ತಿದ್ದಾಗ ಮೊಮ್ಮಗನು ಬಂದು, “ಕಾಕಾ, ಈ ತಾಮ್ರ ಎಲ್ಲಿ ಬೆಳೀತದ?” ಎಂದು ಕೇಳಿದನು. ನಾವು ಕಾಲೇಜಿನಲ್ಲಿ ಪಾಠ ಹೇಳತಕ್ಕವರು. ಉತ್ತರಕ್ಕೆ ತಡವರಿಸುವ ಅಭ್ಯಾಸವಿಲ್ಲ. ಸಿಂಹಭೂಮಿ, ಖೇತ್ರಿ, ಮಲಾಂಜಖಂಡ ಎಂದು ಭೂಪಟದ ಹೆಸರುಗಳನ್ನು ಒಪ್ಪಿಸಿಬಿಟ್ಟೆವು. ಮಧ್ಯಪ್ರದೇಶದ ಮಲಾಂಜಖಂಡದಲ್ಲಿ ನೆಲವನ್ನು ಮೆಟ್ಟಲು ಮೆಟ್ಟಲಾಗಿ ಕಡಿದು, ಆಕಾಶಕ್ಕೆ ಬಾಯ್ದೆರೆದ ಮಹಾಗುಂಡಿಯೊಂದರಿಂದ ತಾಮ್ರದ ಕಲ್ಲನ್ನು ತೆಗೆದಿರುವರೆಂದು ವರ್ಣಿಸಿದೆವು. ಅಜ್ಜಿ ತಲೆಯೆತ್ತಿ, “ಅಷ್ಟು ದೂರ ಯಾಕ್ರೀ? ಹೊಳಿದಂಡಿಗೆ ತಿಂಥಿಣಿ ಮೋನಪ್ಪಯ್ಯ ಅದಾನ. ಕಂಚುಗಾರರು ಅವನಿಗೇ ನಡಕೋತಾರ. ಅವನ್ನ ಕೇಳ್ರಿ” ಎಂದಳು.

ಅದು ಭಕ್ತಿಯ ಮಾತೆಂದು ನಾವು ಆಗ ನಕ್ಕು ಸುಮ್ಮನಾದೆವು. ಆಮೇಲೆ ವಿಚಾರಿಸಿ ನೋಡಿದರೆ ಅಜ್ಜಿಯ ಭೂಗೋಳ ನಮ್ಮದಕ್ಕಿಂತ ಕೆಟ್ಟುದಾಗಿರಲಿಲ್ಲ. ಸುರಪುರದ ಸೀಮೆಯಲ್ಲಿ ಕೃಷ್ಣೆಯ ದಡದ ಮೇಲಿರುವ ತಿಂಥಿಣಿಯ ಮೌನೇಶ್ವರನು ಕಮ್ಮಾರ, ಕಂಚುಗಾರ, ಅಕ್ಕಸಾಲಿಗರೇ ಮೊದಲಾದ ಪಾಂಚಾಳರಿಗೆ ಆರಾಧ್ಯನಾದ ಸಂತ. ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುವ ಗದ್ದುಗೆ ಅವನದು. ಆ ತಿಂಥಿಣಿಯ ನೆರೆಯ ಬಂಡೆಗಳಲ್ಲಿಯೇ ತಾಮ್ರದ ಅದಿರಿರುವುದನ್ನು ಭೂವಿಜ್ಞಾನಿಗಳು ಗುರುತಿಸಿರುವರು. ಇನ್ನೂ ಒಂದು ಸಂಗತಿ. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ದೊರೆತುದನ್ನು ನಿಜಾಮ್ ಸರ್ಕಾರದ ಪ್ರಾಕ್ತನ ಇಲಾಖೆಯವರು ೧೯೩೭–೪೦ರ ವರದಿಯಲ್ಲಿ ಪ್ರಕಟಿಸಿದರು. ಹಿಡಿಯ ಕೊನೆ ಜಿರಲೆಯ ಮೀಸೆಯಂತೆ ಎರಡಾಗಿ ಕವಲೊಡೆದಿರುವ ಕತ್ತಿಗಳು ಅವು; ಅದೇ ಮಾದರಿಯವು ದೂರದ ಗಂಗಾ ಬಯಲಿನಲ್ಲಿ ದೊರೆತಿವೆ. ಕಲ್ಲೂರಿನ ಕತ್ತಿಗೆ ತಿಂಥಿಣಿಯ ತಾಮ್ರವೇ ಬಿದ್ದಿತೆಂದು ಹೇಳಹೊರಟರೆ ಅದು ವಿದ್ವತ್ತಾಗುವುದಿಲ್ಲ, ಊರಭಿಮಾನವಾಗುವುದು. ಆದರೆ ಈ ದೋಆಬಿನ ಜನ ಲೋಹವನ್ನು ಬಲ್ಲವರಾಗಿದ್ದರು, ಅದನ್ನು ನೆಲದಲ್ಲಿ ಹುಡುಕಬಲ್ಲವರಾಗಿದ್ದರು ಎಂಬುದಕ್ಕೆ ಕತ್ತಿಗಿಂತ ದೊಡ್ಡ ಸಾಕ್ಷಿ ನೆಲದಲ್ಲಿಯೇ ಉಳಿದಿದೆ. ಹಳೆಯ ಗುಂಡಿಗಳೇ ಆ ಸಾಕ್ಷಿ. ಈ ದಿನದ ಭಾಷಣಕ್ಕೆ ಅವೇ ವಿಷಯ.

ಹಳೆಯ ಗುಂಡಿಯೆಂದರೆ ಎಂಥದು? ನಮ್ಮ ನಾಡಿನ ತಾಮ್ರವೂ ಚಿನ್ನವೂ ಬಹುಮಟ್ಟಿಗೆ ಒಂದೇ ಬಗೆಯ ಬಂಡೆಗಳ ಪಟ್ಟಿಗಳಲ್ಲಿರುವುವು. ಗ್ರಾನೈಟಿನ ವಿಸ್ತಾರದ ನಡುವೆ ಕಪ್ಪುಹಸುರು ಕಲ್ಲಿನ ಉದ್ದುದ್ದ ಪಟ್ಟಿಗಳು. ಇವಕ್ಕೆ ಧಾರವಾಡ ಶಿಲೆಗಳೆಂದು ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ತಾಮ್ರವು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುವುದು; ಮಳೆಗಾಳಿಗಳಿಗೆ ತೆರೆದ ಕಡೆ ಬಂಡೆಯ ಮೇಲೆ ಹಸುರು ನೀಲಿ ಕಲೆ ಮೂಡಿರುವುದು. ಚಿನ್ನವು ಹಾಗಲ್ಲ, ಬೆಣಚುಕಲ್ಲಿನ ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿರುವುದು. ಆದರೂ ಎರಡಕ್ಕೂ ಅಗೆಯುವ ರೀತಿ ಒಂದೇ. ಎಳೆಯು ನೆಲದ ಮೇಲೆ ಕಂಡ ಕಡೆ ಕಾಲುವೆಯಂತೆ ತೋಡುತ್ತ ಹೋಗುವುದು. ಎಳೆ ಇಳಿದಂತೆ ತಾನೂ ಇಳಿಯುವುದು. ಅದು ಸಣ್ಣದಾದಲ್ಲಿ ತಾನೂ ಮೈ ಹಿಡಿಮಾಡಿಕೊಳ್ಳುವುದು. ಆದುದರಿಂದ ಈ ಗುಂಡಿಗಳಿಗೆ ಅಳತೆ ಆಕಾರಗಳಿಲ್ಲ. ಮೇಲೆ ತೆರೆದ ಹಳ್ಳ, ಕೆಳಗೆ ಒಬ್ಬನು ಅಡ್ಡವಾಗಿ ನುಸುಳುವಷ್ಟು ಸೀಳು.

ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ, ಅರಸೀಕೆರೆಯ ಕಡೆಯ ಕಲ್ಯಾಡಿಯಲ್ಲಿ ಇಂಥ ಹಳೆಯ ತಾಮ್ರದ ಕೆಲಸದ ಗುರುತುಗಳಿದ್ದುವು. ಆ ಗುರುತುಗಳ ನೆಲದಲ್ಲಿಯೇ ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ತಾಮ್ರದ ಗಣಿಗಳು ತೆರೆದು, ಕೆಲವು ಕಾಲ ನಡೆದು, ನಿಂತುಹೋದುವು. ಅವುಗಳ ಕಥೆ ಇಷ್ಟರಲ್ಲೇ ಮುಗಿಯುವುದು. ಹೆಚ್ಚು ಆಳವಾದ ಕಥೆ ಚಿನ್ನದ ಗುಂಡಿಗಳದು. ಅದಕ್ಕಾಗಿ ಮಂಗಳೂರಿನಿಂದ ಮೂಡಲಿಗೆ, ಕುಷ್ಟಗಿಯನ್ನು ದಾಟಿ, ಲಿಂಗಸುಗೂರಿನ ಆಚೆ ಹಟ್ಟಿಗೆ ಹೋಗಬೇಕು.

ಹೋಗುವ ಮುನ್ನ ಪಡುವಣಕ್ಕೆ ಒಂದು ಸಲ ತಿರುಗಿ ನೋಡೋಣ. ಗದಗಿನ ಆಚೆ ಕಪ್ಪತಗುಡ್ಡವಿದೆ. ಅಲ್ಲಿಯ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಹುಡಿಯನ್ನು ತೆಗೆಯುತ್ತಿದ್ದವರಿಗೆ ಜಲಗಾರರೆಂದು ಹೆಸರು. ಮಳೆ ಬಿದ್ದು ಹಳ್ಳ ಹರಿದ ಮೇಲೆ ಅವರ ಸುಗ್ಗಿ. ಉಳಿದ ಕಾಲದಲ್ಲಿ ಅಕ್ಕಸಾಲೆಗಳ ಕಸವನ್ನೂ ಬೂದಿಯನ್ನೂ ಕೊಂಡು ತೊಳೆದು ಬದುಕುವರು. ಬ್ರೂಸ್ ಫೂಟ್ ಕಪ್ಪತಗುಡ್ಡದ ಚಿನ್ನದ ಶಿಲೆಗಳ ವಿಚಾರವಾಗಿ ೧೮೭೪ರಲ್ಲಿ ಬರೆದಾಗ ಅವನಿಗೆ ಹಳ್ಳದ ಗುಣವನ್ನು ತೋರಿಸಿಕೊಟ್ಟವರು ಈ ಜಲಗಾರರೇ. ಸೊರಟೂರಿನ ಹಳ್ಳವನ್ನು ಅವರು ಬಲ್ಲಂತೆ ಯಾವ ಗ್ರಂಥವೂ ಬಲ್ಲುದಾಗಿರಲಿಲ್ಲ. ಈಗ ಪಟ್ಟಣಗಳಲ್ಲಿ ಜಲಗಾರನೆಂದರೆ ಬೀದಿ ಗುಡಿಸುವವನೆಂದೇ ಅರ್ಥ. ಚಿನ್ನವನ್ನು ತೊಳೆಯುತ್ತಿದ್ದವನ ಹೆಸರು ಕಸ ತೆಗೆಯುವವನಿಗೆ ಹೇಗೆ ಸಂದಿತೋ, ಭಾಷೆಯ ಚರಿತ್ರೆಯನ್ನು ಬರೆಯುವವರು ಗಮನಿಸತಕ್ಕ ವಿಷಯವಿದು.

ಇನ್ನು ಹಟ್ಟಿ. ಇಲ್ಲಿಯ ಹಳಬರ ಕೆಲಸ ೬೪೦ ಅಡಿಗಳ ಆಳದವರೆಗೆ ಹೋಗಿದ್ದಿತು. ಈ ಅಂಕಿಯನ್ನು ಮೊದಲ ಸಲ ಓದಿದಾಗ ಅಚ್ಚಿನ ದೋಷವಿರಬಹುದೆಂದೇ ಭಾವಿಸಿದೆವು. ಬಿಜಾಪುರದ ಗೋಳಗುಮ್ಮಟದಂಥ ಮೂರು ಕಟ್ಟಡಗಳನ್ನು ಒಂದರ ಮೇಲೊಂದು ನಿಲ್ಲಿಸಿ ಆ ಗುಂಡಿಯೊಳಗೆ ಇಳಿಬಿಟ್ಟರೂ ತುದಿಯು ನೆಲದ ಮಟ್ಟಕ್ಕೆ ಬಾರದು. ಮದ್ದಿಲ್ಲ, ಆವಿಯಂತ್ರವಿಲ್ಲ, ವಿದ್ಯುತ್ತಿಲ್ಲ. ಹಳೆಯ ಗಣಿಯೊಳಗೆ ದೊರೆತ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ೨೦೦೦ ವರ್ಷಗಳಷ್ಟು ಹಳೆಯವೆಂದು ಕಂಡುಬಂದಿತು. ಎಂದರೆ ಶಾತವಾಹನರ ಕಾಲದ ಆಸುಪಾಸು.

ಅಷ್ಟು ಗಟ್ಟಿಯಾದ ಕಲ್ಲನ್ನು ಅವರು ಒಡೆದುದು ಬೆಂಕಿಯಿಂದ. ಬಂಡೆಯ ಮುಖಕ್ಕೆ ಸೌದೆಯನ್ನೊಡ್ಡಿ ಉರಿಸುವುದು; ಕಾದು ಕೆಂಪೇರಿದ ಮೇಲೆ ನೀರೆರಚುವುದು; ಬಂಡೆ ಬಿರಿದ ಕೂಡಲೆ ಉಳಿಗೂಟಗಳಿಂದ ಕಿತ್ತು ಬುಟ್ಟಿಗೆ ತುಂಬುವುದು. ಹಳೆಯ ಗಣಿಗಳಲ್ಲಿ ಇದ್ದಿಲು ದೊರೆಯುವುದು ಇದರಿಂದಲೇ. ಈ ಕ್ರಮವನ್ನು ಹೇಳುವುದಕ್ಕೆ ಒಂದು ವಾಕ್ಯ ಸಾಕು. ಮಾಡುವುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ನಾನೂರು ಐನೂರು ಅಡಿ ಕೆಳಗೆ, ಗಾಳಿಯಾಡದ ಸೀಳಿನಲ್ಲಿ ಬೆಂಕಿ ಹೊತ್ತಿಸಿದರೆ ಹೊಗೆ ಎಲ್ಲಿಗೆ ಹೋಗಬೇಕು? ಸೌದೆಯನ್ನು ಮೇಲಿನಿಂದ ಇಳಿಸಬೇಕು. ಕಲ್ಲನ್ನು ಕೆಳಗಿನಿಂದ ಏರಿಸಬೇಕು. ಸಾಲದುದಕ್ಕೆ ಆಳ ಹೆಚ್ಚಿದಂತೆಲ್ಲ ಬಂಡೆಯ ಸಂದುಗಳಿಂದ ಒಸರುವ ನೀರನ್ನು ಮಡಕೆ ಚರ್ಮದ ಚೀಲಗಳಲ್ಲಿ ಹಗಲಿರುಳು ಮೊಗೆದು ಚೆಲ್ಲುತ್ತಿರಬೇಕು. ಒಂದು ದಿನ ಮೊಗೆಯುವುದು ನಿಂತರೆ ಗಣಿ ಬಾವಿಯಾಗುವುದು. ಅದಿರು ಮುಗಿದುದರಿಂದ ಹಳಬರು ಗುಂಡಿಯನ್ನು ಬಿಟ್ಟು ಹೋದರೆಂದು ಹಿಂದೆ ಕೆಲವರು ಬರೆದರು. ಹಾಗಲ್ಲವೆಂಬುದು ಆಮೇಲೆ ತಿಳಿಯಿತು. ಎಳೆ ಇನ್ನೂ ಕೆಳಕ್ಕೆ ಹೋಗಿದ್ದಿತು. ನೀರೂ ಉಸಿರೂ ಅವರನ್ನು ನಿಲ್ಲಿಸಿರಬೇಕೆಂದು ನಮಗೆ ತೋರುವುದು.

ಮೇಲೆ ತಂದ ಕಲ್ಲನ್ನು ಪುಡಿಮಾಡುವ ಕೆಲಸ ಬೇರೆ. ಹಟ್ಟಿಯ ಬಳಿ ಕಪ್ಪು ಬಂಡೆಗಳ ಮೈಮೇಲೆ ಒರಳಿನಂಥ ಕುಳಿಗಳು ಸಾಲಾಗಿರುವುದನ್ನು ಬ್ರೂಸ್ ಫೂಟ್ ಕಂಡು ಬರೆದಿಟ್ಟಿರುವನು. ಬೆಣಚುಕಲ್ಲನ್ನು ಅಲ್ಲಿ ಕುಟ್ಟಿ, ದೊಡ್ಡ ಗುಂಡುಕಲ್ಲುಗಳಿಂದ ಅರೆದು, ಆ ಹುಡಿಯನ್ನು ನೀರಿನಲ್ಲಿ ತೊಳೆಯುತ್ತಿದ್ದರು. ಒಂದು ಟನ್ ಕಲ್ಲಿಗೆ ಕೈಗೆ ಹತ್ತುವ ಚಿನ್ನ ಕೆಲವೇ ಗ್ರಾಮು. ಕುಳಿಯೊಂದು ಬಂಡೆಯಲ್ಲಿ ಮೊಣಕೈಯಷ್ಟು ಇಳಿಯಬೇಕಾದರೆ ಎಷ್ಟು ಕೈಗಳು ಎಷ್ಟು ವರ್ಷ ಕುಟ್ಟಿರಬೇಕು!

ಕುಟ್ಟಿದವರು ಯಾರು? ಹಟ್ಟಿಯ ಕುಳಿಗಳ ಕಾಲದ ಬರವಣಿಗೆ ಯಾವುದೂ ಇಲ್ಲ. ಆದರೆ ಅದೇ ವಿದ್ಯೆ ಕೋಲಾರದ ಕಡೆ ೧೯ನೆಯ ಶತಮಾನದವರೆಗೂ ಉಳಿದಿದ್ದಿತು. ೧೮೦೨ರಲ್ಲಿ ಮೈಸೂರು ಸೀಮೆಯ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟೆನೆಂಟ್ ಜಾನ್ ವಾರನ್ ಎಂಬಾತನು ಮಾರಿಕುಪ್ಪದ ಸುತ್ತಿನಲ್ಲಿ ಅದನ್ನು ಕಣ್ಣಾರೆ ಕಂಡನು. ಗುಂಡಿಯೊಳಗಿನಿಂದ ಗಂಡಸರು ಕಲ್ಲಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುವರು; ಮೇಲೆ ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುವರು. ಊರಿನ ಹೊರಗೆ ಇರಬೇಕಾಗಿದ್ದ, ಊರ ಬಾವಿಯ ನೀರಿಗೆ ಹಕ್ಕಿಲ್ಲದಿದ್ದ ಜನ ಅವರು. ಕೆಲಸ ಅಪಾಯದ್ದು, ಗುಂಡಿಗಳು ಕುಸಿದು ಸಾವುನೋವುಗಳಾಗುತ್ತಿದ್ದುದರಿಂದ ೧೮೫೯ರಲ್ಲಿ ಮೈಸೂರಿನ ಆಡಳಿತದವರು ನೆಲದೊಳಗಿನ ಅಗೆತವನ್ನು ನಿಷೇಧಿಸಿದರು. ವಾರನ್ನನ ಬರೆಹವನ್ನು ಓದಿ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು ಎತ್ತಿನ ಬಂಡಿಯಲ್ಲಿ ಅಲ್ಲಿಗೆ ಹೋಗಿ ೧೮೭೩ರಲ್ಲಿ ಗಣಿಯ ಪರವಾನಗಿಗೆ ಅರ್ಜಿ ಹಾಕಿದನು. ಅನಂತರ ಕಂಪನಿಗಳು ಬಂದುವು, ಹಣ ಸುರಿದುವು, ಚಿನ್ನ ಕಾಣದೆ ಕೈಸುಟ್ಟುಕೊಂಡುವು. ಮೈಸೂರು ಮೈನ್ ಎಂಬ ಗಣಿಯನ್ನು ಮುಚ್ಚುವುದೇ ಸರಿಯೆನ್ನುವ ಸ್ಥಿತಿಯಲ್ಲಿ, ೧೮೮೩ರಲ್ಲಿ, ಪ್ಲಮ್ಮರ್ ಎಂಬ ಗಣಿಗಾರನು ತನ್ನ ಬುದ್ಧಿಯನ್ನು ಬಿಟ್ಟು ಹಳಬರ ಬುದ್ಧಿಯನ್ನು ಹಿಡಿದನು. ಅವರ ಗುಂಡಿಯ ತಳವನ್ನು ಹುಡುಕಿ, ಅದರ ಕೆಳಗೆ ಅಗೆಸಿದನು. ಅಲ್ಲಿ ದೊರೆತುದೇ ಚಾಂಪಿಯನ್ ಎಂಬ ಹೆಸರಾಂತ ಎಳೆ. ೨೦೦೧ರಲ್ಲಿ ನಿಲ್ಲುವವರೆಗೆ ಕೋಲಾರದ ಗಣಿಗಳು ಆ ಎಳೆಯನ್ನು ಹಿಡಿದು ಹತ್ತು ಸಾವಿರ ಅಡಿಗಳಿಗೂ ಕೆಳಗೆ ಇಳಿದುವು.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೋಲಾರದ ಚಿನ್ನವನ್ನು ಕಂಡುಹಿಡಿದವನು ಲೆವೆಲ್ ಎಂದು ನಾವು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿಕೊಟ್ಟೆವು, ಹುಡುಗರೂ ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಅಂಕವನ್ನೂ ಕೊಟ್ಟೆವು. ಎರಡು ಸಾವಿರ ವರ್ಷ ಜನ ಇಳಿದು ಹತ್ತುತ್ತಿದ್ದ ಗುಂಡಿಯನ್ನು ಕಂಡುಹಿಡಿಯುವುದೆಂದರೇನೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ನಿಜಾಮರ ಸೀಮೆಯಲ್ಲಿ ನಡೆದುದು ಇನ್ನೂ ವಿಚಿತ್ರ. ಕೋಲಾರದ ಸುದ್ದಿ ಲಂಡನ್ನಿನ ಪೇಟೆಗೆ ಜ್ವರ ಹತ್ತಿಸಿದ ಕಾಲ ಅದು. ೧೮೮೬ರಲ್ಲಿ ಹೈದರಾಬಾದಿನ ಖನಿಜಗಳ ಹಕ್ಕನ್ನು ೯೯ ವರ್ಷಗಳ ಮಟ್ಟಿಗೆ ಕೆಲವರಿಗೆ ಬರೆದುಕೊಡಲಾಯಿತು. ಅವರು ಹೈದರಾಬಾದ್ ಡೆಕ್ಕನ್ ಕಂಪನಿಯನ್ನು ಕಟ್ಟಿದರು. ಪಾಲುಗಳಲ್ಲಿ ಬಹುಭಾಗ ಹಕ್ಕು ಪಡೆದವರ ಕೈಗೇ ಸೇರಿದುವು. ಬೆಲೆಯನ್ನು ಏರಿಸಿ, ಅವನ್ನು ನಿಜಾಮ್ ಸರ್ಕಾರದ ಬೊಕ್ಕಸಕ್ಕೂ ಮಾರಿದರು. ಮಾರಿದವನೂ, ಸರ್ಕಾರದ ಪರವಾಗಿ ಕೊಂಡವನೂ ಒಬ್ಬನೇ ಅಧಿಕಾರಿ, ಅಬ್ದುಲ್ ಹಕ್. ಗುಲ್ಲೆದ್ದು, ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಇದನ್ನು ವಿಚಾರಣೆಮಾಡಬೇಕಾಯಿತು. ಅಷ್ಟು ಹೊತ್ತಿಗೆ ರಾಯಚೂರಿನ ನೆಲದಿಂದ ಹೊರಟ ಚಿನ್ನಕ್ಕಿಂತ ಕಾಗದದ ಮೇಲೆ ಹೊರಟ ಚಿನ್ನವೇ ಹೆಚ್ಚು. ಆಮೇಲೆ ಹಟ್ಟಿಯಲ್ಲಿ ನಿಜವಾದ ಕೆಲಸ ಮೊದಲಾಗಿ ಸುಮಾರು ಎರಡು ದಶಕ ನಡೆದು, ಮೊದಲ ಮಹಾಯುದ್ಧದ ಮುಗ್ಗಟ್ಟಿನ ಕಾಲಕ್ಕೆ ನಿಂತಿತು.

ಗಣಿಗಾಗಿ ಬಂದವರು ಒಂದು ಉಪಕಾರವನ್ನು ಮಾತ್ರ ತಿಳಿಯದೆ ಮಾಡಿದರು. ಹಟ್ಟಿಗೆ ತೆಂಕಲಿಗಿರುವ ಮಸ್ಕಿಯ ಗುಡ್ಡದಲ್ಲಿ, ೧೯೧೫ರಲ್ಲಿ, ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಬಂಡೆಯ ಮೇಲೆ ಹಳೆಯ ಅಕ್ಷರಗಳು ಕಂಡುವು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದು, ಅವನು ಅಶೋಕನೇ ಎಂಬುದು ವಿದ್ವಾಂಸರ ತರ್ಕಕ್ಕೆ ಬಿಟ್ಟ ವಿಷಯವಾಗಿದ್ದಿತು. ಮಸ್ಕಿಯ ಬಂಡೆಯು ಅಶೋಕನ ಹೆಸರನ್ನೇ ಹೇಳಿ ಆ ತರ್ಕವನ್ನು ಮುಗಿಸಿತು. ೧೯೩೧ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅದೇ ಶಾಸನದ ಬೇರೆ ಪ್ರತಿಗಳು ದೊರೆತುವು. ಮಂಗಳೂರಿನವರು ಅಶೋಕನ ಬರೆಹವನ್ನು ನೋಡಲು ದೂರ ಹೋಗಬೇಕಾಗಿಲ್ಲ.

ಪಾಟಲಿಪುತ್ರದ ಚಕ್ರವರ್ತಿಗೆ ಈ ಬರಡು ಸೀಮೆಯಲ್ಲಿ ಇಷ್ಟೊಂದು ಬಂಡೆಗಳ ಮೇಲೆ ಬರೆಸುವ ಅಗತ್ಯವೇನಿದ್ದಿತು? ೧೮೯೨ರಲ್ಲಿ ರೈಸರು ಕಂಡುಹಿಡಿದ ಬ್ರಹ್ಮಗಿರಿಯ ಶಾಸನದಲ್ಲಿ, ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಆಜ್ಞೆಯನ್ನು ಕಳುಹಿಸಿದರೆಂದಿದೆ. ತೆಂಕಣ ಪ್ರಾಂತದ ರಾಜಧಾನಿಯ ಹೆಸರೇ ಸುವರ್ಣಗಿರಿ! ಅದು ಗಂಗಾವತಿಯ ಕಡೆಯ ನಮ್ಮ ಕನಕಗಿರಿಯೆಂದು ಕೃಷ್ಣಶಾಸ್ತ್ರಿಗಳು ಊಹಿಸಿದರು. ಮಸ್ಕಿಯ ಪಕ್ಷದವರೂ ಇದ್ದಾರೆ, ಎರ್ರಗುಡಿಯ ಬಳಿಯ ಜೊನ್ನಗಿರಿಯ ಪಕ್ಷದವರೂ ಇದ್ದಾರೆ. ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂದು ನಮ್ಮ ಕಡೆ ಗಾದೆ. ಆದುದರಿಂದ ನಮ್ಮ ಮತ ಯಾವುದೆಂದು ಹೇಳಿದರೆ ಪಕ್ಷಪಾತವಾದೀತು. ಯಾವ ಊರಾದರೂ ಆಗಲಿ, ಮೌರ್ಯರ ಕಣ್ಣು ಬಿದ್ದಿದ್ದುದು ಈ ಗುಂಡಿಗಳ ಮೇಲೆ ಎನ್ನುವುದರಲ್ಲಿ ನಮಗೆ ಸಂದೇಹ ಕಡಮೆ.

ನಿಜಾಮ್ ಸರ್ಕಾರದಲ್ಲಿ ಭೂಶೋಧನೆಯ ಕೆಲಸದಲ್ಲಿದ್ದ ಲೆನರ್ಡ್ ಮನ್ ಎಂಬಾತನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಹಳೆಯ ಗಣಿಗಳನ್ನೂ ದೊಡ್ಡ ಕಲ್ಲುಗಳ ಸಮಾಧಿಗಳನ್ನೂ ಒಂದೇ ಭೂಪಟದ ಮೇಲೆ ಗುರುತಿಸಿ, ಇವೆರಡೂ ಒಂದರ ಬಳಿ ಒಂದು ಬರುವುವೆಂದು ೧೯೩೪ರಲ್ಲಿ ಪ್ರಬಂಧ ಬರೆದನು. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಮನೆಗಳನ್ನು ಕಂಡವರಿಗೆ ಇವನ್ನು ಕಟ್ಟಿದವರು ಬಂಡೆಯನ್ನು ಸೀಳಬಲ್ಲವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕಬ್ಬಿಣದ ಅದಿರನ್ನೂ ಲೆಕ್ಕಕ್ಕೆ ಹಿಡಿದರೆ ನಮ್ಮ ನಾಡಿನಲ್ಲಿ ಯಾವುದರ ಬಳಿ ಗಣಿಯಿಲ್ಲ? ಮನ್ನನ ವಾದ ನಮ್ಮನ್ನು ಪೂರ್ತಿಯಾಗಿ ಒಪ್ಪಿಸಲಿಲ್ಲ. ೧೯೫೨ರಲ್ಲಿ ಲಿಂಗಸುಗೂರಿನ ಬಳಿಯ ಪಿಕ್ಲಿಹಾಳದಲ್ಲಿ ಅಗೆದು ನೋಡಿದ ರೇಮಂಡ್ ಆಲ್ಚಿನ್ನರು ೧೯೬೨ರಲ್ಲಿ ಹಳಬರ ಗಣಿಗೆಲಸದ ಕ್ರಮವನ್ನೇ ಕುರಿತು ಬರೆದ ಲೇಖನವು ಇದಕ್ಕಿಂತ ಸಮಾಧಾನಕರವಾದುದು.

ಹಟ್ಟಿಯ ಮುಂದಿನ ಚರಿತ್ರೆ ತಮಗೆ ತಿಳಿದುದೇ. ೧೯೩೭ರಿಂದ ನಿಜಾಮ್ ಸರ್ಕಾರ ಮತ್ತೆ ಪರಿಶೋಧನೆಗೆ ಕೈಹಾಕಿತು. ೧೯೪೭ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ೧೯೫೬ರಲ್ಲಿ ರಾಯಚೂರು ಕನ್ನಡನಾಡಿಗೆ ಕೂಡಿಕೊಂಡ ಮೇಲೆ ಅದು ಹಟ್ಟಿ ಕಂಪನಿಯಾಯಿತು. ದೇವದುರ್ಗದ ಕಡೆಯ ಊಟಿಯೆಂಬಲ್ಲಿ ಅದೇ ಕಂಪನಿಯವರು ಮೇಲಿನಿಂದಲೇ ತೆರೆದ ಗುಂಡಿಯಾಗಿ ಅಗೆದು ಅದಿರು ತೆಗೆದಿರುವರು. ನೆಲಕ್ಕೆ ಬಾಯಿ ತೆರೆಯುವ ಹಳೆಯ ಪದ್ಧತಿಯೇ ಯಂತ್ರದ ಬಲದಿಂದ ಮರಳಿ ಬಂದಂತಾಯಿತು. ಆದರೆ ಇಲ್ಲೊಂದು ನಷ್ಟವೂ ಉಂಟು. ಹೊಸ ಗುಂಡಿಯು ಹಳೆಯದನ್ನು ನುಂಗಿಯೇ ಬೆಳೆಯತಕ್ಕದ್ದು. ಎಳೆ ಒಂದೇ ಆದುದರಿಂದ ದಾರಿಯೂ ಒಂದೇ. ಹಳಬರ ಸೀಳು, ಅವರ ಇದ್ದಿಲು, ಆಧಾರಕ್ಕೆ ಬಿಟ್ಟ ಕಂಬಗಳು ಎಲ್ಲವೂ ಅದಿರಿನ ಜತೆಯಲ್ಲಿ ಗಿರಣಿಗೆ ಹೋಗುವುವು. ಮೇಲಿನ ಕುಳಿಬಂಡೆಗಳ ಮೇಲೆ ಮಣ್ಣಿನ ರಾಶಿ ಬೀಳುವುದು. ಶಾಸನದ ಬಂಡೆಗೆ ಸರ್ಕಾರದವರು ಕಟಕಟೆ ಹಾಕಿಸುವರು. ಒರಳಿನ ಬಂಡೆಗೆ ಹಾಕಿಸಿದುದನ್ನು ನಾವು ಕಾಣೆವು.

ಹಟ್ಟಿಯಲ್ಲಿ ಗಣಿಯೊಳಗೆ ಬಹುಕಾಲ ದುಡಿದ ಒಬ್ಬ ಮುದುಕರೊಡನೆ ಒಂದು ಸಂಜೆ ಮಾತನಾಡಿದ್ದೆವು. ಹಳೆಯ ಗುಂಡಿಯ ಹತ್ತಿರ ಕೆಲಸ ಬಿದ್ದರೆ ಎಲ್ಲರಿಗೂ ಎದೆ ನಡುಗುವುದೆಂದರು. ನಡುವಣ ಗೋಡೆ ಸಡಿಲವಾಗಿದ್ದರೆ ನೂರಾರು ವರ್ಷ ನಿಂತ ನೀರು ಒಮ್ಮೆಗೇ ನುಗ್ಗುವುದು, ಇಲ್ಲವೆ ಕೆಟ್ಟ ಗಾಳಿ ಹೊರಡುವುದು. ಹಾಗೆ ಒಮ್ಮೆ ತೂತು ಬಿದ್ದು, ನೀರು ಇಳಿದ ಮೇಲೆ, ದೀಪ ಹಿಡಿದು ಒಳಗೆ ಇಣಿಕಿ ನೋಡಿದರಂತೆ. ಏನು ಕಂಡಿತೆಂದು ಕೇಳಿದೆವು. “ಏನಿಲ್ಲ ಸರ್. ಗ್ವಾಡಿ ಎಲ್ಲಾ ಕರ್ರಗ ಹೊಗಿ ಹಿಡದಿತ್ತು. ಮನಿ ಒಲಿ ಹಿಂದ ಹಿಡೀತದಲ್ಲ, ಹಂಗ” ಎಂದರು.